ಅರ್ಧ ಆದ ಕೆಲಸಕ್ಕೊಂದು ಜಾಗ

ಪ್ಲೈವುಡ್ ಹಾಳೆ ಎಂಟಡಿ ಉದ್ದ, ನಾಲ್ಕಡಿ ಅಗಲ. ಅಂಗಡಿಯ ಗೋಡೆಗೆ ಒರಗಿ ನಿಂತಿದ್ದಾಗ ಅಷ್ಟೇನೂ ದೊಡ್ಡದು ಅನ್ನಿಸುವುದಿಲ್ಲ. ಅದನ್ನು ಮಲಗಿಸಿ, ಸುತ್ತ ಓಡಾಡಿ, ಪೆನ್ಸಿಲ್ ಗೆರೆ ಎಳೆದು ಕೊಯ್ಯಬೇಕು ಅಂದಾಗಲೇ ಬೆಂಗಳೂರು ಎಷ್ಟು ಇಕ್ಕಟ್ಟಿನ ಊರು ಅಂತ ಗೊತ್ತಾಗುವುದು.

ನನ್ನದು ಹಳೆಯ ಮಾರುತಿ ಈಕೋ ವ್ಯಾನು. ಹನ್ನೆರಡಡಿ ಉದ್ದ, ಐದಡಿಗೆ ಕೊಂಚ ಕಡಿಮೆ ಅಗಲ. ಅದರ ಹಿಂಭಾಗಕ್ಕೊಂದು ಮರದ ಪೆಟ್ಟಿಗೆ ಮಾಡಬೇಕು. ಹಗಲು ಪೆಟ್ಟಿಗೆ, ರಾತ್ರಿ ಹಲಗೆ ಬಿಚ್ಚಿದರೆ ಮಂಚ. ಒಂದು ಕಡೆ ಒಲೆಯ ಡ್ರಾಯರು, ಕೆಳಗೆ ನೀರಿನ ಕ್ಯಾನು, ಮೂಲೆಯಲ್ಲಿ ಬ್ಯಾಟರಿ. ಹಂಪಿಗೋ ಕುದುರೆಮುಖದ ಕಡೆಗೋ ಹೊರಟರೆ ರೂಮು ಹುಡುಕುವ ತಾಪತ್ರಯ ಇರಬಾರದು, ಅಷ್ಟೇ ಆಸೆ. ಚಾವಣಿ ಕೊಯ್ದು ಎತ್ತರಿಸುವ, ಪಕ್ಕಕ್ಕೆ ಕಿಟಕಿ ಕೊರೆಯುವ ಯೋಚನೆ ನನಗಿಲ್ಲ. ಇದ್ದರೂ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಕಂಪನಿ ಹೇಗೆ ಮಾಡಿ ಕೊಟ್ಟಿದೆಯೋ, ಆರ್.ಸಿ.ಯಲ್ಲಿ ಏನು ಬರೆದಿದೆಯೋ, ಗಾಡಿ ಹಾಗೇ ಇರಬೇಕು. ಆದ್ದರಿಂದ ಪೆಟ್ಟಿಗೆ. ಬೇಕಾದಾಗ ಇಡುವುದು, ಬೇಡವಾದಾಗ ಎತ್ತಿ ಇಳಿಸುವುದು.

ಇದೇನು ಹೊಸ ಐಡಿಯಾ ಅಲ್ಲ. ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ 1951ರಲ್ಲೇ ಫೋಕ್ಸ್‌ವ್ಯಾಗನ್ ವ್ಯಾನಿಗೆ ಇಂಥದ್ದೊಂದು ‘ಕ್ಯಾಂಪಿಂಗ್ ಬಾಕ್ಸ್’ ಮಾಡಿತ್ತು. ವಾರವೆಲ್ಲ ಸಾಮಾನು ಸಾಗಿಸುವ ವ್ಯಾನು, ರಜೆ ಬಂದರೆ ಮನೆಮಂದಿಯ ಬಿಡಾರ. ಯುದ್ಧ ಮುಗಿದು ಎದ್ದು ನಿಲ್ಲುತ್ತಿದ್ದ ದೇಶದಲ್ಲಿ ಎರಡೆರಡು ಗಾಡಿ ಇಟ್ಟುಕೊಳ್ಳುವವರು ಯಾರು?

“ಪೆಟ್ಟಿಗೆ ತಾನೇ, ಬಡಗಿ ಅಂಗಡೀಲಿ ಮಾಡಿಸಿ ತಂದ್ರಾಯ್ತು” ಅನ್ನುತ್ತಾರೆ ಎಲ್ಲರೂ. ವ್ಯಾನಿನ ಒಳಗೋಡೆ ನೋಡದವರ ಮಾತಿದು. ಅಲ್ಲಿ ನೆಟ್ಟಗಿರುವ ಗೆರೆ ಒಂದೂ ಇಲ್ಲ. ಕೆಳಗೆ ಚಕ್ರದ ಗುಬುಟು, ಮೇಲೆ ಹೋದಂತೆ ಒಳಕ್ಕೆ ಬಾಗುವ ತಗಡು, ಹಿಂಬಾಗಿಲ ಹತ್ತಿರ ಮತ್ತೊಂದು ಓರೆ. ಕೊಯ್ಯಬೇಕು, ಒಳಗಿಟ್ಟು ನೋಡಬೇಕು, ಹೊರಗೆ ತಂದು ಕಾಲಿಂಚು ಹೆರೆಯಬೇಕು, ಮತ್ತೆ ಇಡಬೇಕು. ವ್ಯಾನು ಒಂದು ಕಡೆ, ಕೆಲಸ ಇನ್ನೊಂದು ಕಡೆ ಆದರೆ ಆಗದು. ಪಕ್ಕದ ಬಾಗಿಲು ಸರಿಸಿ, ಹಿಂದಿನ ಬಾಗಿಲು ಮೇಲಕ್ಕೆತ್ತಿ, ಸುತ್ತ ಮನುಷ್ಯ ಓಡಾಡುವಷ್ಟು ಬಿಟ್ಟರೆ ಹೆಚ್ಚುಕಡಿಮೆ ಇಪ್ಪತ್ತಡಿಗೆ ಹದಿಮೂರಡಿ. ಒಂದು ಥರ್ಟಿ ಫಾರ್ಟಿ ಸೈಟಿನ ಕಾಲು ಭಾಗ ಕೂಡ ಅಲ್ಲ. ಸಿಗುವುದಿಲ್ಲವೇ ಅಂತ ಯಾರಿಗಾದರೂ ಅನ್ನಿಸುತ್ತದೆ.

ಮೊದಲು ಕೇಳಿದ್ದು ನಾನಿರುವ ಅಪಾರ್ಟ್‌ಮೆಂಟಿನಲ್ಲೇ. ಬೇಸ್‌ಮೆಂಟಿನಲ್ಲಿ ನನ್ನ ಪಾರ್ಕಿಂಗ್ ಇದೆ, ಹತ್ತಿರದಲ್ಲೇ ಪ್ಲಗ್ ಪಾಯಿಂಟ್ ಇದೆ, ಮಳೆ ಇಲ್ಲ, ಬಿಸಿಲಿಲ್ಲ. ಸಂಘದ ಕಾರ್ಯದರ್ಶಿಗಳು ಒಳ್ಳೆಯವರೇ. ಕೇಳಿಸಿಕೊಂಡರು. ನಂತರ ಹೇಳಿದರು, “ಸರ್, ಪಾರ್ಕಿಂಗ್ ಇರೋದು ಪಾರ್ಕ್ ಮಾಡೋಕೆ.”

ಇದಕ್ಕೆ ಉತ್ತರ ಇಲ್ಲ, ಅಲ್ವಾ? ಆದರೆ ಅದೇ ವಾರ ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಇಂಟೀರಿಯರ್ ಕೆಲಸ ನಡೆಯುತ್ತಿತ್ತು. ಅದೇ ಪ್ಲೈವುಡ್, ಅದೇ ಕಟರ್, ಅದೇ ಕಿರ್‍ರೋ ಸದ್ದು, ಲಿಫ್ಟಿನ ತುಂಬ ಮರದ ಹೊಟ್ಟು. ಅವರು ಡೆಪಾಸಿಟ್ ಕಟ್ಟಿದ್ದಾರೆ, ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಸದ್ದು ಮಾಡಬಹುದು, ಭಾನುವಾರ ರಜ. ನನಗಿರುವ ಬಿಡುವೇ ಭಾನುವಾರ. ವಸತಿ ಪ್ರದೇಶದಲ್ಲಿ ಹಗಲು ಸದ್ದು 55 ಡೆಸಿಬಲ್ ಮೀರಬಾರದು ಅಂತ ಕೇಂದ್ರದ 2000ದ ಶಬ್ದ ಮಾಲಿನ್ಯ ನಿಯಮವೇ ಇದೆ. ಅದನ್ನು ಯಾರೋ ವಾಟ್ಸ್ಆ್ಯಪ್ ಗುಂಪಿಗೂ ಹಾಕಿದರು. ಆ ಲೆಕ್ಕ ಹಿಡಿದರೆ ನಾಲ್ಕನೇ ಮಹಡಿಯ ವಾರ್ಡ್‌ರೋಬೂ ಏಳುವ ಹಾಗಿಲ್ಲ. ಆದರೆ ವಾರ್ಡ್‌ರೋಬು ಮನೆಯೊಳಗಿನ ವಸ್ತು, ಜನಕ್ಕೆ ಅರ್ಥವಾಗುತ್ತದೆ. ವ್ಯಾನಿನೊಳಗೆ ಮಂಚ ಅಂದರೆ ಅನುಮಾನ.

ರಸ್ತೆ ಬದಿಯ ವಿಚಾರ ಬೇಡವೇ ಬೇಡ. ನಮ್ಮ ಬಡಾವಣೆಯಲ್ಲಿ ಪ್ರತಿ ಗೇಟಿನ ಮುಂದೆ ಹೂಕುಂಡ, ಕಲ್ಲು, “ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು” ಅನ್ನುವ ಬೋರ್ಡು.

ಖಾಲಿ ಸೈಟುಗಳ ಕತೆ ಬೇರೆ. ಬೆಂಗಳೂರಿನಲ್ಲಿ ಖಾಲಿ ಸೈಟಿಗೆ ಹಾಕುವ ಬೋರ್ಡು ನೋಡಿದ್ದೀರಲ್ಲ: “ಈ ಸ್ವತ್ತು ಮಾರಾಟಕ್ಕಿಲ್ಲ.” ಮಾರುವುದಿಲ್ಲ ಅಂತ ಬೋರ್ಡು ಹಾಕಿ ಹೇಳಬೇಕಾದ ಊರು ಇದು. ಮಾಲೀಕನಿಗೇ ಗೊತ್ತಿಲ್ಲದೆ ಮಾರುವವರು ಇದ್ದಾರೆ, ಅದಕ್ಕೆ. ಅಂಥ ಒಂದು ಸೈಟಿನ ಮಾಲೀಕರ ನಂಬರ್ ಎದುರು ಮನೆಯವರಿಂದ ಸಿಕ್ಕಿತು. ಫೋನ್ ಮಾಡಿ ವಿವರಿಸಿದೆ. ಕೆಲವು ಭಾನುವಾರ ಸಾಕು, ಕಸ ಬಿಡುವುದಿಲ್ಲ, ಎಷ್ಟು ಕೊಡಬೇಕು ಹೇಳಿ ಅಂದೆ. ಅವರು ಕೇಳಿದ ಮೊದಲ ಪ್ರಶ್ನೆ, “ಅದರಲ್ಲಿ ಮಲಗೋಕಾಗತ್ತಾ?” ಹೌದು ಅಂದೆ. “ಒಲೆ?” ಹೂಂ, ಒಂದು ಚಿಕ್ಕದು. “ನೀರು, ಕರೆಂಟು?” ಅದೂ ಇದೆ ಅಂದೆ ಹೆಮ್ಮೆಯಿಂದ. ಅಲ್ಲಿಗೆ ಮುಗಿಯಿತು.

ಅವರ ಭಯ ಸುಳ್ಳಲ್ಲ. ಬೇರೆಯವರ ಜಾಗದಲ್ಲಿ ಹನ್ನೆರಡು ವರ್ಷ ಎದುರಿಗೇ ಕೂತುಬಿಟ್ಟರೆ ಮಾಲೀಕನ ಕೇಸಿಗೆ ಅವಧಿ ಮೀರುತ್ತದೆ ಅನ್ನುವುದು 1963ರ ಕಾಲಮಿತಿ ಕಾಯ್ದೆ. ಸೈಟು ಇರುವ ಪ್ರತಿಯೊಬ್ಬರಿಗೂ ಇದು ಬಾಯಿಪಾಠ. ಒಲೆ, ಹಾಸಿಗೆ, ನೀರು ಸಮೇತ ಬಂದು ಸ್ವಲ್ಪ ದಿನ ಇರುತ್ತೇನೆ ಅನ್ನುವವನನ್ನು ಯಾರು ತಾನೇ ಒಳಗೆ ಬಿಡುತ್ತಾರೆ? ನಾನೇ ಸೈಟು ಮಾಲೀಕನಾಗಿದ್ದರೆ ಬೋರ್ಡಿಗೆ ಇನ್ನೊಂದು ಸಾಲು ಸೇರಿಸುತ್ತಿದ್ದೆ.

ಕಾಮಾಕ್ಷಿಪಾಳ್ಯ, ಪೀಣ್ಯದ ಕಡೆ ಶೆಡ್ಡುಗಳಿವೆ. ಹತ್ತು ತಿಂಗಳ ಅಡ್ವಾನ್ಸು, ಹನ್ನೊಂದು ತಿಂಗಳ ಕರಾರು. ನನಗೆ ಬೇಕಾಗಿದ್ದು ಕೆಲವು ವಾರಾಂತ್ಯ. ಅಲ್ಲಿ ನಿಲ್ಲುವ ಮಾತೇ ಇಲ್ಲ.

ಬಸ್ಸಿಗೆ ಬಾಡಿ ಕಟ್ಟುವ ಒಂದು ಶೆಡ್ಡಿಗೂ ಹೋಗಿದ್ದೆ. ಅದು ನನಗೆ ತುಂಬ ಇಷ್ಟವಾದ ಜಾಗ. ಹೆದ್ದಾರಿಯಲ್ಲಿ ಬರೀ ಚಾಸಿ ಓಡಿಸಿಕೊಂಡು ಹೋಗುವವರನ್ನು ನೀವು ನೋಡಿರಬೇಕು. ಮುಂದೆ ಗಾಜಿಲ್ಲ, ಮೇಲೆ ಚಾವಣಿ ಇಲ್ಲ, ಡ್ರೈವರ್ ಮುಖಕ್ಕೆ ಟವೆಲು ಸುತ್ತಿಕೊಂಡು ಬಿಸಿಲಿಗೆ ಕೂತಿರುತ್ತಾನೆ. ಹೊಸೂರಿನ ಕಾರ್ಖಾನೆ ಕಡೆಯಿಂದ ಹೊರಟ ಅಂಥ ಚಾಸಿಗಳು ತಮಿಳುನಾಡಿನ ಕರೂರಿನಂಥ ಊರುಗಳ ಶೆಡ್ಡುಗಳಿಗೆ ಹೋಗಿ ಬಸ್ಸಾಗಿ ಹೊರಗೆ ಬರುತ್ತವೆ. ನಮ್ಮಲ್ಲೂ ಅಂಥ ಶೆಡ್ಡುಗಳಿವೆ. ಒಳಗೆ ಅಸ್ಥಿಪಂಜರದ ಹಾಗೆ ನಿಂತ ಬಸ್ಸುಗಳು, ಒಂದಕ್ಕೆ ನೆಲ ಇಲ್ಲ, ಇನ್ನೊಂದಕ್ಕೆ ಬಾಗಿಲಿಲ್ಲ. ಯಾರಿಗೂ ಅವಸರ ಇಲ್ಲ, ಯಾರಿಗೂ ಅದು ವಿಚಿತ್ರ ಅನ್ನಿಸುವುದಿಲ್ಲ. ಮೇಸ್ತ್ರಿ ನನ್ನ ಈಕೋ ಸುತ್ತ ಒಂದು ಸುತ್ತು ಬಂದು, “ಇದಕ್ಕೆ ಜಾಗ ಬೇರೆ ಬೇಕಾ?” ಅಂದ. ಸರದಿಯಲ್ಲಿ ಬಸ್ಸುಗಳಿದ್ದವು.

ಅಲ್ಲಿಂದ ಬರುವಾಗ ಹೊಳೆದದ್ದು ಇಷ್ಟು. ನಾನು ಹುಡುಕುತ್ತಿರುವುದು ಇನ್ನೂರೈವತ್ತು ಚದರಡಿಯನ್ನಲ್ಲ. ಅರ್ಧ ಆದ ಕೆಲಸವನ್ನು ಹಾಗೇ ಬಿಟ್ಟು ಮನೆಗೆ ಹೋಗಿ, ಮುಂದಿನ ವಾರ ಬಂದರೆ ಹಾಗೇ ಇರುವ ಜಾಗ. ಹಿಂದೆ ಇದು ಎಲ್ಲರ ಮನೆಯಲ್ಲೂ ಇತ್ತು. ಬಾಗಿಲು ಮಾಡಲು ಬಂದ ಆಚಾರಿ ತಿಂಗಳುಗಟ್ಟಲೆ ಅಂಗಳದಲ್ಲೇ ಕೂರುತ್ತಿದ್ದ. ಉಳಿ, ಬಾಚಿ, ಅರ್ಧ ಕೆತ್ತಿದ ದಾರಂದ, ಅದರ ಸುತ್ತ ಕೋಳಿ, ಮಕ್ಕಳು. ಹಿತ್ತಲಲ್ಲಿ ಹೆಣೆದು ಮುಗಿಯದ ಚಾಪೆ, ಸೋರುವ ಬಾನಿ, ಯಾವತ್ತೋ ರಿಪೇರಿ ಮಾಡೋಣ ಅಂತ ಇಟ್ಟ ನೇಗಿಲು. ಈಗಿನ ಪ್ಲಾನಿನಲ್ಲಿ ಹಾಲ್ ಇದೆ, ಯುಟಿಲಿಟಿ ಇದೆ, ಎರಡು ಬಾಲ್ಕನಿ ಇದೆ. ಮುಗಿದ ವಸ್ತುಗಳಿಗೆ ಎಲ್ಲ ಏರ್ಪಾಡೂ ಇದೆ. ಮುಗಿಯದ ವಸ್ತು ಒಂದು ರಾತ್ರಿ ಕಾರಿಡಾರಿನಲ್ಲಿ ಉಳಿದರೆ ಮೆಸೇಜು ಬರುತ್ತದೆ.

“ಊರಿಗೆ ತಗೊಂಡು ಹೋಗು” ಅಂದಳು ಹೆಂಡತಿ. ನಮ್ಮೂರು ತಿಪಟೂರು ಸೀಮೆ. ಕೊಬ್ಬರಿ ಅಟ್ಟದ ಕೆಳಗೆ ಲಾರಿ ನಿಲ್ಲುವಷ್ಟು ಜಾಗ. ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ತನ್ನ ಪಾಡಿಗೆ ಒಣಗುತ್ತಾ ಇರುತ್ತದೆ. ಮುಗಿಯದ ಕೆಲಸದ ಬಗ್ಗೆ ಅಷ್ಟು ತಾಳ್ಮೆ ಇರುವ ಮನೆ ಇನ್ನೊಂದಿಲ್ಲ. ಹೋದೆ. ಮೊದಲ ದಿನ ಊರಿನ ಅರ್ಧ ಜನ ಬಂದು ನೋಡಿದರು. ಇನ್ನರ್ಧ ಜನ ಮರುದಿನ ಬಂದರು. ಒಬ್ಬರು ಮಂಚ ಅಡ್ಡ ಇರಲಿ ಅಂದರು, ಇನ್ನೊಬ್ಬರು ಉತ್ತರಕ್ಕೆ ತಲೆ ಆಗದ ಹಾಗೆ ನೋಡ್ಕೋ ಅಂದರು. ಗಾಡಿ ಯಾವ ದಿಕ್ಕಿಗೆ ಬೇಕಾದರೂ ನಿಲ್ಲುತ್ತದಲ್ಲ ಅಂದರೆ, “ಅದಕ್ಕೇ ಹೇಳಿದ್ದು” ಅಂದರು. ಬಂದವರಿಗೆಲ್ಲ ಕಾಫಿ ಆಯಿತು. ಸಂಜೆ ಹೊತ್ತಿಗೆ ಡ್ರಾಯರು ಜಾರಲು ಬೇಕಾದ ಚಾನೆಲ್ ಪಟ್ಟಿ ಒಂದಿಂಚು ಗಿಡ್ಡ ಅಂತ ಗೊತ್ತಾಯಿತು. ತಿಪಟೂರಿನಲ್ಲಿ ಆ ಅಳತೆ ಸಿಗಲಿಲ್ಲ. ಬೆಂಗಳೂರಿಗೆ ನೂರನಲವತ್ತು ಕಿಲೋಮೀಟರ್. ಊರಲ್ಲಿ ಜಾಗ ಇದೆ, ಸ್ಕ್ರೂ ಇಲ್ಲ. ಬೆಂಗಳೂರಲ್ಲಿ ಸ್ಕ್ರೂ ಇದೆ, ಜಾಗ ಇಲ್ಲ.

ಸಮಾಧಾನಕ್ಕೆ ಅಂತ ನೆನೆಸಿಕೊಳ್ಳುವ ಹೆಸರೊಂದಿದೆ, ಅಮೆರಿಕದ ವ್ಯಾಲಿ ಬಯಂ. ಬೆಳ್ಳಿ ಬಣ್ಣದ ಏರ್‌ಸ್ಟ್ರೀಮ್ ಟ್ರೈಲರುಗಳನ್ನು ಮಾಡಿದಾತ. ಆತನೂ ಶುರು ಮಾಡಿದ್ದು ಲಾಸ್ ಏಂಜಲಿಸಿನ ತನ್ನ ಮನೆಯ ಹಿತ್ತಲಲ್ಲಿ. ಸುತ್ತಿಗೆ ಸದ್ದು ತಾಳದೆ ಅಕ್ಕಪಕ್ಕದವರು ತಗಾದೆ ತೆಗೆದರು. ಆತ ಬೇರೆ ಕಟ್ಟಡ ಹಿಡಿಯಬೇಕಾಯಿತು. 1931ರಲ್ಲಿ ಕಲ್ವರ್ ಸಿಟಿಯಲ್ಲಿ ಕಾರ್ಖಾನೆಯೇ ಶುರುವಾಯಿತು. ಅಕ್ಕಪಕ್ಕದವರು ಸುಮ್ನೆ ಇದ್ದಿದ್ದರೆ ಆತ ಇನ್ನೂ ಸ್ವಲ್ಪ ದಿನ ಹಿತ್ತಲಲ್ಲೇ ಕುಟ್ಟುತ್ತಿದ್ದನೇನೋ.

ನನಗೆ ಕೊನೆಗೆ ಜಾಗ ಸಿಕ್ಕಿದ್ದು ಕಲ್ಯಾಣ ಮಂಟಪದಲ್ಲಿ.

ಆಷಾಢ ಶುರುವಾಗಿತ್ತು. ಆ ತಿಂಗಳು ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ನಮ್ಮ ಮನೆಯಿಂದ ಮೂರು ರಸ್ತೆ ಆಚೆಯ ಛತ್ರ ಬಾಗಿಲು ಹಾಕಿಕೊಂಡು ಕೂತಿತ್ತು. ಮ್ಯಾನೇಜರು ಊಟದ ಹಾಲಿನ ಫ್ಯಾನು ಒರೆಸುತ್ತಿದ್ದರು. ಕೇಳಿದೆ. “ಹೋಮ ಗೀಮ ಏನಿಲ್ಲ ತಾನೇ? ಹೊಗೆ ಹಿಡಿದರೆ ಸುಣ್ಣ ಹೊಡೆಸಬೇಕು” ಅಂದರು. ಇಲ್ಲ, ಮರದ ಕೆಲಸ ಅಂದೆ. ಒಂದು ಮೊತ್ತ ಹೇಳಿದರು. ಮದುವೆಯ ಬಾಡಿಗೆಗೆ ಹೋಲಿಸಿದರೆ ಅದು ಎಲೆ ಅಡಿಕೆ ದಕ್ಷಿಣೆ.

ವ್ಯಾನ್ ಕೆಲಸಕ್ಕೆ ಛತ್ರದಂಥ ಜಾಗ ಇನ್ನೊಂದಿಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ಶಾಮಿಯಾನ ಲಾರಿ ನುಗ್ಗುವಷ್ಟು ಗೇಟು. ಊಟದ ಹಾಲಿನ ಪಕ್ಕಕ್ಕೇ ಗಾಡಿ ಬರುತ್ತದೆ, ಮೇಲೆ ಶೀಟು ಇದೆ. ಆಷಾಢದ ಜಿಟಿಜಿಟಿ ಮಳೆಗೆ ಇದು ಮುಖ್ಯ. ಸಂದಿ ಮುಚ್ಚಲು ತಗಡಿಗೆ ಹಚ್ಚುವ ಪಿಯು (ಪಾಲಿಯುರೆಥೇನ್) ಸೀಲಂಟು ಗಾಳಿಯ ತೇವದಿಂದಲೇ ಗಟ್ಟಿಯಾಗುತ್ತದೆ ನಿಜ, ಆದರೆ ಹಚ್ಚುವಾಗ ತಗಡು ಒಣಗಿರಲೇಬೇಕು. ಉದ್ದನೆಯ ಊಟದ ಟೇಬಲ್ ಎರಡನ್ನು ಜೋಡಿಸಿದರೆ ಪೂರ್ತಿ ಪ್ಲೈವುಡ್ ಹಾಳೆ ಬೆನ್ನು ಚಾಚಿ ಮಲಗುತ್ತದೆ. ನೆಲ ತೊಳೆದರೆ ಹೊಟ್ಟೆಲ್ಲ ಮೋರಿಗೆ ಹೋಗದ ಹಾಗೆ ಜಾಲರಿ ಇದೆ. ಪಂಕ್ತಿಯಲ್ಲಿ ಟೇಬಲ್ ಮೇಲೆ ಹಾಸುವ ಪೇಪರ್ ರೋಲು ಮೂಲೆಯಲ್ಲಿ ಬಿದ್ದಿತ್ತು. ಅದನ್ನು ವ್ಯಾನಿನ ಒಳಗೋಡೆಗೆ ಒತ್ತಿ ಹಿಡಿದು, ಓರೆಕೋರೆ ಎಲ್ಲ ಗೀಚಿ, ಕತ್ತರಿಸಿ ಪ್ಲೈ ಮೇಲಿಟ್ಟರೆ ಅಳತೆ ಸಿದ್ಧ. ನೆಟ್ಟಗಿನ ಕೊಯ್ತ ಎಲ್ಲ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಮಷೀನಿನಲ್ಲೇ ಮಾಡಿಸಿ ತರುತ್ತಿದ್ದೆ. ಬಾಗಿನ ಕೊಯ್ತ ಮಾತ್ರ ಇಲ್ಲಿ.

ಸದ್ದು? ಓಲಗ, ಬ್ಯಾಂಡ್‌ಸೆಟ್, ಆರತಕ್ಷತೆಯ ಆರ್ಕೆಸ್ಟ್ರಾ ಎಲ್ಲ ಕೇಳಿ ಆ ಬೀದಿಯವರ ಕಿವಿ ಪಳಗಿಬಿಟ್ಟಿದೆ. ಜಿಗ್‌ಸಾ ಗರಗಸದ ಸದ್ದಿಗೆ ಒಬ್ಬರೂ ಕಿಟಕಿ ತೆರೆಯಲಿಲ್ಲ.

ಇಣುಕಿದವರು ಒಬ್ಬರೇ, ಛತ್ರದ ಅಡುಗೆ ಭಟ್ಟರು. ಕೆಲಸ ಇಲ್ಲದ ತಿಂಗಳು, ಪಾತ್ರೆಗೆ ಕಲಾಯಿ ಮಾಡಿಸಲು ಬಂದಿದ್ದರು. ಒಲೆಯ ಡ್ರಾಯರು ಎಳೆದು ನೋಡಿ, “ಒಗ್ಗರಣೆ ಹಾಕಿದ್ರೆ ಎಣ್ಣೆ ಎಲ್ಲಿ ಸಿಡಿಯತ್ತೆ ಹೇಳಿ” ಅಂದರು. ಹಾಸಿಗೆಗೆ ಸಿಡಿಯುತ್ತಿತ್ತು. ಒಲೆ ಹಿಂಬಾಗಿಲ ಕಡೆಗೆ ತಿರುಗಿತು, ಹೊರಗೆ ನಿಂತು ಅಡುಗೆ ಮಾಡುವ ಹಾಗೆ. ಗ್ಯಾಸ್ ಹೊರಗೇ ಇದ್ದರೆ ಒಳ್ಳೆಯದು ಕೂಡ. ಕಾಫಿ ಫಿಲ್ಟರಿಗೆ ಅಲುಗಾಡದ ಒಂದು ಗುಂಡಿ ಕೊರೆಸಿದವರೂ ಅವರೇ.

ತೊಂದರೆ ಒಂದೇ. ಛತ್ರಕ್ಕೆ ಪಂಚಾಂಗ ಇದೆ. ಭೀಮನ ಅಮಾವಾಸ್ಯೆ ಬಂದರೆ ಆಷಾಢ ಮುಗಿಯಿತು, ಶ್ರಾವಣದ ಮೊದಲ ಲಗ್ನಕ್ಕೇ ಬುಕಿಂಗ್ ಆಗಿತ್ತು. ಪೆಟ್ಟಿಗೆ ನಿಂತಿತು, ಮಂಚ ಬಿಚ್ಚಿಕೊಂಡಿತು, ಎರಡು ಬಾಗಿಲಿಗೆ ಹಿಂಜು ಬಾಕಿ, ವೈರಿಂಗ್ ಪೂರ್ತಿ ಬಾಕಿ. ಉಳಿದದ್ದಕ್ಕೆ ಮುಂದಿನ ಖಾಲಿ ತಿಂಗಳು ಧನುರ್ಮಾಸ. ಮಳೆ ಇಲ್ಲ, ಮದುವೆಯೂ ಇಲ್ಲ, ಆಷಾಢಕ್ಕಿಂತ ವಾಸಿ. ಈಗಲೇ ಹೇಳಿಡೋಣ ಅಂತ ಮ್ಯಾನೇಜರ ಹತ್ತಿರ ಹೋದೆ. ಅವರು ಡೈರಿ ತೆಗೆದರು. ಆ ತಿಂಗಳು ಪೂರ್ತಿ ಸೀರೆ ಎಕ್ಸ್‌ಪೋದವರಿಗೆ ಕೊಟ್ಟಾಗಿದೆಯಂತೆ. ಜನರೇಟರ್ ಪಕ್ಕ ಒಂದು ಗಾಡಿ ನಿಲ್ಲುವಷ್ಟು ಜಾಗ ಉಳಿಯುತ್ತದೆ, ಆದರೆ ಹೆಂಗಸರು ಸೀರೆ ಆರಿಸುವಾಗ ಡ್ರಿಲ್ ಹಾಕೋ ಹಾಗಿಲ್ಲ ಅಂದರು. ವೈರಿಂಗಿಗೆ ಡ್ರಿಲ್ ಬೇಕಿಲ್ಲ ಅಂದೆ. ಹಿಂಜಿಗೆ ಬೇಕು ಅನ್ನುವುದನ್ನು ಇನ್ನೂ ಹೇಳಿಲ್ಲ.