ಕತ್ತರಿಸದೆ ಅಳತೆ ತಿಳಿಯದು, ಕತ್ತರಿಸಿದ ಮೇಲೆ ವಾಪಸ್ ಇಲ್ಲ

ನನ್ನ ವ್ಯಾನಿಗೆ ತುಕ್ಕು ಹಿಡಿದದ್ದಕ್ಕೆ ನನಗೆ ಯಾರ ಮೇಲೂ ಸಿಟ್ಟಿಲ್ಲ. ಅದು 1974ರ ಫೋಕ್ಸ್‌ವ್ಯಾಗನ್ ಟೈಪ್ 2. ಐವತ್ತು ವರ್ಷ ಮಳೆಯನ್ನೂ ಕೆಸರನ್ನೂ ಕುಡಿದ ತಗಡು ಒಂದು ದಿನ ಕೈಬಿಡುವುದು ಸಹಜ. ನನ್ನ ಸಿಟ್ಟೆಲ್ಲ ಇರುವುದು ಆ ತಗಡಿನ ಜಾಗಕ್ಕೆಂದು ಹೊಸ ಪ್ಯಾನೆಲ್‌ಗಳನ್ನು ತಯಾರಿಸಿ, ‘ಯಾವ ಬದಲಾವಣೆಯೂ ಇಲ್ಲದೆ ಸರಿಯಾಗಿ ಕೂರುತ್ತದೆ’ ಎಂದು ಬರೆದು ಮಾರಿ, ಅದು ಕೂರದಿದ್ದಾಗ ತಪ್ಪನ್ನು ಕೊಂಡವನ ತಲೆಗೇ ಕಟ್ಟುವವರ ಮೇಲೆ.

ಮೊದಲು ತರಿಸಿದ್ದು ಮುಂಭಾಗದ ಪ್ಯಾನೆಲ್. ಮಾರುವವರ ವಿವರಣೆಯಲ್ಲಿ ‘1968ರಿಂದ 1979ರವರೆಗಿನ ಎಲ್ಲ ವ್ಯಾನ್‌ಗಳಿಗೆ’ ಎಂದಿತ್ತು. ಈ ವ್ಯಾನನ್ನು ಅಷ್ಟಿಷ್ಟು ಬಲ್ಲ ಯಾರಿಗಾದರೂ ಅದು ಸಾಧ್ಯವಿಲ್ಲವೆಂದು ಗೊತ್ತು. 1973ರ ಮಾದರಿಯಿಂದ ಇಂಡಿಕೇಟರ್‌ಗಳು ಹೆಡ್‌ಲೈಟಿನ ಕೆಳಗಿನಿಂದ ಮೇಲಕ್ಕೆ, ಗಾಳಿಯ ಜಾಲರಿಯ ಪಕ್ಕಕ್ಕೆ ಹೋದವು. ಬಂಪರಿನ ಆಕಾರವೂ ಬದಲಾಯಿತು. ಪೊಟ್ಟಣ ಬಿಚ್ಚಿದಾಗ ಇಂಡಿಕೇಟರಿನ ತೂತುಗಳು ಕೆಳಗಡೆ ಇದ್ದವು. ಇದನ್ನು ಹೇಗೋ ವಾಪಸ್ ಪಡೆದರು, ಸಾಗಣೆಯ ವೆಚ್ಚ ಮಾತ್ರ ನನ್ನದೇ ಆಯಿತು. ಅದನ್ನು ನುಂಗಿಕೊಂಡೆ.

ನುಂಗಲಾಗದ್ದು ಸಿಲ್‌ನ ವಿಷಯ. ಸಿಲ್ ಎಂದರೆ ಬಾಗಿಲ ಕೆಳಗೆ ವ್ಯಾನಿನ ಉದ್ದಕ್ಕೆ ಹೋಗುವ ತಗಡಿನ ಪಟ್ಟಿ. ಸ್ಲೈಡಿಂಗ್ ಡೋರ್ ಇರುವ ಬದಿಯಲ್ಲಿ, ಬಾಗಿಲ ಕೆಳಗೆ ಬಣ್ಣ ಸಣ್ಣಗೆ ಗುಳ್ಳೆ ಎದ್ದಿತ್ತು. ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಒತ್ತಿದೆ. ತುದಿ ತಡೆಯಿಲ್ಲದೆ ಒಳಗೆ ಹೋಯಿತು. ಕೆರೆಯುತ್ತ ಹೋದಂತೆ ಬಣ್ಣದಡಿಯಲ್ಲಿ ಬೆರಳಿನಷ್ಟು ದಪ್ಪದ ಪುಟ್ಟಿ, ಪುಟ್ಟಿಯಡಿಯಲ್ಲಿ ಹಿಂದೆ ಯಾರೋ ತುಕ್ಕಿನ ಮೇಲೆಯೇ ಬೆಸೆದ ತೇಪೆ, ತೇಪೆಯ ಹಿಂದೆ ಮುಷ್ಟಿಯಲ್ಲಿ ಹಿಡಿದರೆ ಪುಡಿಯಾಗುವ ಕಂದು ಪದರಗಳು ಸಿಕ್ಕವು. ಹೊರ ಸಿಲ್ ಮಾತ್ರವಲ್ಲ, ಒಳ ಸಿಲ್‌ನ ಕೆಳ ಅಂಚೂ ಹೋಗಿತ್ತು. ಈ ವ್ಯಾನಿಗೆ ಕಳಚಿ ಬೇರೆ ಮಾಡಬಹುದಾದ ಚಾಸಿ ಇಲ್ಲ. ಬಾಡಿಯೂ ಅಡಿಯ ಚೌಕಟ್ಟೂ ಒಂದಕ್ಕೊಂದು ಬೆಸೆದುಕೊಂಡೇ ಭಾರ ಹೊರುತ್ತವೆ. ಆದ್ದರಿಂದ ಸಿಲ್ ಕತ್ತರಿಸುವ ಮೊದಲು ಬಾಗಿಲಿನ ತೆರವಿಗೆ ಅಡ್ಡಲಾಗಿ ಕಬ್ಬಿಣದ ಪೈಪುಗಳನ್ನು ಬೆಸೆದು, ತೆರವಿನ ಅಗಲವನ್ನು ಮೂರು ಕಡೆ ಅಳೆದು ಬರೆದಿಟ್ಟುಕೊಂಡೆ. ತಗಡುಗಳನ್ನು ಚುಕ್ಕೆ ಚುಕ್ಕೆಯಾಗಿ ಹಿಡಿದಿಟ್ಟಿದ್ದ ಹಳೆಯ ಸ್ಪಾಟ್ ವೆಲ್ಡ್‌ಗಳನ್ನು ಒಂದೊಂದಾಗಿ ಕೊರೆದು ಬಿಡಿಸಲು ಎರಡು ಭಾನುವಾರಗಳು ಹೋದವು.

ಆಮೇಲೆ ಹೊಸ ಸಿಲ್ ಇಟ್ಟು ಕ್ಲ್ಯಾಂಪ್ ಹಾಕಿದೆ. ಮುಂದಿನ ತುದಿ ಸರಿಯಾಗಿ ಕೂತಿತು, ಹಿಂದಿನ ತುದಿ 6 ಮಿಲಿಮೀಟರ್ ಗಿಡ್ಡವಾಯಿತು. ಹಿಂದಿನದನ್ನು ಹೊಂದಿಸಿದರೆ ಬಾಗಿಲಿನ ಅಂಚಿಗೂ ಸಿಲ್‌ಗೂ ನಡುವಿನ ಸಂದು ಒಂದು ಕಡೆ ಕಿರಿದು, ಇನ್ನೊಂದು ಕಡೆ ಬೆರಳು ತೂರುವಷ್ಟು ಅಗಲ. ಬೆಸೆಯಬೇಕಾದ ಕೆಳಗಿನ ಮಡಿಕೆಯಂತೂ ಎಷ್ಟು ಸಣ್ಣದೆಂದರೆ, ವೆಲ್ಡಿಂಗಿಗಾಗಿ 8 ಮಿಲಿಮೀಟರಿನ ತೂತು ಕೊರೆದರೆ ತೂತಿನ ಸುತ್ತ ಉಳಿಯುವ ತಗಡು ನೂಲಿನಷ್ಟೇ. ಸಂಶಯ ಬಂದು ಮೈಕ್ರೋಮೀಟರ್ ಹಿಡಿದೆ: ನನ್ನ ವ್ಯಾನಿನ ಕೆಡದ ತಗಡು 0.9 ಮಿಲಿಮೀಟರ್, ಹೊಸದು 0.7. ಓದಲು ಅಲ್ಪ ವ್ಯತ್ಯಾಸ. ಆದರೆ ದಪ್ಪ ತಗಡಿಗೆ ಒಪ್ಪುವ ಶಾಖದಲ್ಲಿ ಮಿಗ್ ವೆಲ್ಡಿಂಗ್ (ವಿದ್ಯುತ್ತಿನಿಂದ ತಂತಿ ಕರಗಿಸಿ ಬೆಸೆಯುವುದು) ಮಾಡಿದರೆ ತೆಳು ತಗಡು ಸುಟ್ಟು ತೂತಾಗುತ್ತದೆ. ಶಾಖ ಇಳಿಸಿದರೆ ದಪ್ಪ ತಗಡಿಗೆ ಬೆಸುಗೆ ಇಳಿಯುವುದಿಲ್ಲ, ಮೇಲೆ ಮಣಿಯಂತೆ ಕೂತುಬಿಡುತ್ತದೆ. ಅಲ್ಲೊಂದು ಇಲ್ಲೊಂದು ಚುಕ್ಕೆ ಬೆಸೆದು, ತಣಿಯಲು ಬಿಟ್ಟು, ಮತ್ತೆ ಇನ್ನೊಂದು ತುದಿಗೆ ಹೋಗುವ ತಾಳ್ಮೆ ನನಗಿದೆ. ಇಲ್ಲದ ಲೋಹವನ್ನು ತಾಳ್ಮೆಯಿಂದ ಹುಟ್ಟಿಸಲಾಗುವುದಿಲ್ಲ.

ಫೋಟೋಗಳನ್ನೂ ಅಳತೆಗಳನ್ನೂ ಕಳುಹಿಸಿದೆ. ‘ಪ್ಯಾನೆಲ್‌ಗಳನ್ನು ನುರಿತವರೇ ಕೂರಿಸಬೇಕು, ಸ್ವಲ್ಪ ತಿದ್ದುವಿಕೆ ಸಹಜ, ಕ್ಲ್ಯಾಂಪಿನ ಗುರುತು ಬಿದ್ದಿರುವುದರಿಂದ ವಾಪಸ್ ಸಾಧ್ಯವಿಲ್ಲ’ ಎಂಬ ಉತ್ತರ ಬಂತು. ಕ್ಲ್ಯಾಂಪ್ ಹಾಕದೆ ಅಳತೆ ನೋಡುವ ಬಗೆಯನ್ನು ಇವರೇ ಹೇಳಲಿ. ಕೊಳೆತ ಸಿಲ್ ತನ್ನ ಜಾಗದಲ್ಲಿರುವವರೆಗೆ ಹೊಸದನ್ನು ಅಲ್ಲಿ ಇಟ್ಟು ನೋಡಲು ಬರುವುದಿಲ್ಲ. ಹಳೆಯದನ್ನು ಕತ್ತರಿಸಿದ ಮೇಲೆ ಹಿಂದಕ್ಕೆ ಹೋಗುವ ದಾರಿಯೇ ಇಲ್ಲ. ಇದನ್ನು ಚೆನ್ನಾಗಿ ಬಲ್ಲವರೇ ಆ ನಿಯಮವನ್ನು ಬರೆದಿದ್ದಾರೆ. ತಿದ್ದುವಿಕೆ ಎಂದರೆ ಅಂಚನ್ನು ಉಜ್ಜುವುದು, ಸುತ್ತಿಗೆಯಿಂದ ಒಂದು ಮಡಿಕೆಯನ್ನು ಸರಿಪಡಿಸುವುದು. ಪ್ಯಾನೆಲನ್ನು ನಡುವೆ ಸೀಳಿ ತುಂಡು ಸೇರಿಸಿ ಉದ್ದ ಮಾಡುವುದಕ್ಕೆ ಆ ಹೆಸರಿಡುವುದು ಮೋಸ. ಹಾಗೆ ತಗಡು ಕತ್ತರಿಸಿ, ಮಡಚಿ, ಬೆಸೆಯುವುದೇ ಆದರೆ ಬರಿಯ ಹಾಳೆಯನ್ನೇ ತಂದು ಮಾಡಬಹುದಿತ್ತು. ಕನಿಷ್ಠ ದಪ್ಪವಾದರೂ ನನಗೆ ಬೇಕಾದಷ್ಟೇ ಸಿಗುತ್ತಿತ್ತು.

ನಾನು ಕೇಳುವುದು ಬಹಳವೇನಲ್ಲ. ತಗಡಿನ ದಪ್ಪ, ಪ್ಯಾನೆಲಿನ ಉದ್ದ, ಮಡಿಕೆಯ ಅಗಲ, ಯಾವ ವರ್ಷದ ಮಾದರಿಗೆ ಎಂಬ ನಿಜ, ಈ ನಾಲ್ಕನ್ನು ಮಾರುವ ಮೊದಲೇ ಬರೆದುಬಿಡಿ. ಒಳ ಸಿಲ್ ತರಿಸುವ ಮುನ್ನ ಇದೇ ಅಂಗಡಿಗೆ ಮಡಿಕೆಯ ಅಗಲವೊಂದನ್ನೇ ಕೇಳಿ ಬರೆದೆ. ಎರಡು ವಾರದ ನಂತರ ಬಂದ ಉತ್ತರದಲ್ಲಿ ಅಳತೆ ಇರಲಿಲ್ಲ, ‘ಸರಿಯಾಗಿ ಕೂರುತ್ತದೆ’ ಎಂಬ ಅದೇ ಸಾಲಿತ್ತು. ವ್ಯಾನು ಈಗಲೂ ಅಡ್ಡ ಪೈಪುಗಳ ಆಸರೆಯಲ್ಲಿ ನಿಂತಿದೆ, ಗಿಡ್ಡ ಸಿಲ್ ನಾಲ್ಕು ಕ್ಲ್ಯಾಂಪುಗಳಲ್ಲಿ ನೇತಾಡುತ್ತಿದೆ, ಕತ್ತರಿಸಿದ ಬರಿಯ ಅಂಚುಗಳ ಮೇಲೆ ಹೊಸ ತುಕ್ಕು ಆಗಲೇ ಕಿತ್ತಳೆ ಬಣ್ಣಕ್ಕೆ ತಿರುಗಿದೆ.