ಆ ಗುಳ್ಳೆಯೊಳಗೆ ನಿಮ್ಮ ಹಳಸಲು ಜೋಕು ಬೇಡ

ಬೆಳಗ್ಗೆ ಕಾಫಿ ಇನ್ನೂ ಗಂಟಲಿಗಿಳಿದಿರಲಿಲ್ಲ, ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪನ ಫಾರ್ವರ್ಡ್ ಬಂತು. ಹಳೇ ಅಮೆರಿಕನ್ ರೊಮ್ಯಾನ್ಸ್ ಕಾಮಿಕ್ಸಿನ ಚಿತ್ರ. ಕೆಂಪು ತುಟಿ, ಕೆನ್ನೆ ಮೇಲೆ ದಪ್ಪ ಹನಿ, ಹಿಂದೆ ಕೋಟು ಹಾಕಿಕೊಂಡು ಹೊರಟ ಗಂಡಸು. ಅವಳ ಮಾತಿನ ಗುಳ್ಳೆ ಅಳಿಸಿ ಯಾರೋ ಕನ್ನಡ ತುಂಬಿದ್ದಾರೆ: ‘ರೀ, ಎಟಿಎಂ ಪಿನ್ ಹೇಳಿ ಹೋಗ್ರೀ!’ ಕೆಳಗೆ ಹದಿನೇಳು ನಗುಮುಖ.

ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ಗುದ್ದಿಕೊಂಡಿದ್ದವು. ಇಂಗ್ಲಿಷ್ ದೊಡ್ಡಕ್ಷರದ ಅಳತೆಗೆ ಬರೆದ ಗುಳ್ಳೆ ಸ್ವಾಮಿ ಅದು. ನಾನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ, ಪುಟ ಜೋಡಿಸುವ ಕೆಲಸ ಮಾಡಿದವಳು, ಇಂಥದ್ದು ಕಂಡರೆ ಕೈ ತುರಿಸುತ್ತದೆ. ಅದನ್ನಾದರೂ ಕ್ಷಮಿಸುತ್ತಿದ್ದೆ. ಜೋಕನ್ನಲ್ಲ.

ಹಳೇ ಪ್ರೇಮಕಥೆಯ ಚಿತ್ರಕ್ಕೆ ಹೊಸ ಮಾತು ಬರೆಯುವ ಆಟ ನನಗೆ ಪ್ರಾಣ. ಅಮೆರಿಕದ ಬರಹಗಾರ ಜಾನ್ ಲಸ್ಟಿಗ್ 1987ರಲ್ಲಿ ಚಾರ್ಲ್‌ಟನ್ ಕಂಪನಿಯ ‘ಫಸ್ಟ್ ಕಿಸ್’ ಕಾಮಿಕ್ಸಿನ ಹಕ್ಕನ್ನೇ ಕೊಂಡುಕೊಂಡು, ಆ ಚಿತ್ರಗಳಿಗೆ ತನ್ನದೇ ಮಾತು ಬರೆದು ‘ಲಾಸ್ಟ್ ಕಿಸ್’ ಮಾಡಿದ. ಅದೇ ಕಣ್ಣೀರು, ಅದೇ ಅಪ್ಪುಗೆ. ಬಾಯಿ ಬಿಟ್ಟರೆ ಮಾತ್ರ ಕಿಲಾಡಿ ಹೆಣ್ಣು.

ಅದು ಯಾಕೆ ಅಷ್ಟು ನಗು ತರಿಸುತ್ತೆ ಅಂದರೆ, ಆ ಹುಡುಗಿಯರಿಗೆ ಸ್ವಂತ ಮಾತೇ ಇರಲಿಲ್ಲ. 1947ರಲ್ಲಿ ಜೋ ಸೈಮನ್, ಜ್ಯಾಕ್ ಕರ್ಬಿ ಸೇರಿ ಈ ಬಗೆಯ ಕಾಮಿಕ್ಸ್ ಶುರು ಮಾಡಿದರು. 1954ರಲ್ಲಿ ಕಾಮಿಕ್ಸ್ ಕೋಡ್ ಬಂತು, ಅಂದರೆ ಪ್ರಕಾಶಕರು ತಮಗೆ ತಾವೇ ಹಾಕಿಕೊಂಡ ಕಟ್ಟುಪಾಡು. ಪ್ರೇಮಕಥೆಗಳು ಮನೆಯ ಬೆಲೆಯನ್ನೂ ಮದುವೆಯ ಪಾವಿತ್ರ್ಯವನ್ನೂ ಎತ್ತಿಹಿಡಿಯಬೇಕು ಅಂತ ಅದರಲ್ಲಿ ಬರೆದೇ ಇತ್ತು! ಪಾಪ, ಪುಟಗಟ್ಟಲೆ ಅತ್ತು ಕೊನೆಗೆ ಉಂಗುರ ಹಾಕಿಸಿಕೊಳ್ಳಬೇಕು. ಅಂಥವಳ ಬಾಯಿಗೆ ಕೊನೆಗೂ ಒಂದು ಮಾತು ಕೊಡುವ ಅವಕಾಶ ಸಿಕ್ಕಾಗ ನೀವು ಕೊಟ್ಟಿದ್ದು ಎಟಿಎಂ ಪಿನ್.

ಒಂದೆರಡು ಪದದಲ್ಲಿ ಏನೆಲ್ಲ ಆಗುತ್ತೆ ನೋಡಿ. ಕಾಮಿಕ್ಸ್ ಚಿತ್ರಗಳನ್ನೇ ದೊಡ್ಡ ಕ್ಯಾನ್ವಾಸಿಗೆ ಏರಿಸಿದ ಅಮೆರಿಕದ ಚಿತ್ರಕಾರ ಲಿಕ್ಟನ್‌ಸ್ಟೈನ್‌ನ 1963ರ ‘ಮುಳುಗುತ್ತಿರುವ ಹುಡುಗಿ’ ನ್ಯೂಯಾರ್ಕಿನ ಮ್ಯೂಸಿಯಮ್ಮಿನಲ್ಲಿದೆ. ಮೂಲ ಚಿತ್ರ ಟೋನಿ ಅಬ್ರುಝೊ ಎಂಬಾತ ಕಾಮಿಕ್ಸಿಗೆ ಬರೆದದ್ದು. ಅದರಲ್ಲಿ ಅವಳು ‘ಸ್ನಾಯು ಸೆಳೆದುಕೊಂಡರೂ ಪರವಾಗಿಲ್ಲ, ಮುಳುಗ್ತೀನೇ ಹೊರತು ಮ್ಯಾಲ್‌ನ ಕರೆಯಲ್ಲ’ ಅನ್ನುವ ಅರ್ಥದಲ್ಲಿ ಮಾತಾಡುತ್ತಾಳೆ. ಲಿಕ್ಟನ್‌ಸ್ಟೈನ್ ಸ್ನಾಯು ಸೆಳೆದದ್ದನ್ನು ತೆಗೆದ, ಮ್ಯಾಲ್‌ನನ್ನು ಬ್ರ್ಯಾಡ್ ಮಾಡಿದ. ಅಷ್ಟೇ. ಸ್ನಾಯುಸೆಳೆತ ಹೋಗಿ ದುರಂತ ಬಂತು! (ಅಬ್ರುಝೊ ಹೆಸರು ಎಷ್ಟು ಜನಕ್ಕೆ ಗೊತ್ತು? ಅದು ಬೇರೆ ಜಗಳ, ಇನ್ನೊಂದಿನ ಆಡೋಣ.)

‘ತಮಾಷೆನ ತಮಾಷೆ ಥರ ತಗೋ ಅಕ್ಕಾ’ ಅಂದ ಚಿಕ್ಕಪ್ಪನ ಮಗ. ತಮಾಷೆ ಇದ್ದಿದ್ದರೆ ತಗೊಳ್ತಿದ್ದೆ ಮಾರಾಯ. ಆ ಮಾತನ್ನು ಯಾವ ಹೆಂಗಸಿನ ಚಿತ್ರದ ಕೆಳಗೆ ಹಾಕಿದರೂ ನಡೆಯುತ್ತೆ. ಹಾಗಾದರೆ ಈ ಚಿತ್ರ ಯಾಕೆ, ಈ ಕಣ್ಣೀರು ಯಾಕೆ?

ನಿಜ ಹೇಳಿಬಿಡ್ತೀನಿ. ಮದುವೆಯಾದ ಹೊಸದರಲ್ಲಿ ನಾನೂ ಇಂಥದ್ದೇ ಚಿತ್ರಕ್ಕೆ ಅತ್ತೆ ಜೋಕು ತುಂಬಿ ಆಫೀಸಿನಲ್ಲೆಲ್ಲ ಹಂಚಿದ್ದೆ. ಬಿದ್ದು ಬಿದ್ದು ನಕ್ಕರು. ಅದರ ಪ್ರಿಂಟು ಹೇಗೋ ಅತ್ತೆಯ ಕೈಗೇ ಸಿಕ್ಕಿತು. ಕನ್ನಡಕ ಏರಿಸಿ ನೋಡಿ, ಬೈಯಲೂ ಇಲ್ಲ, ನಗಲೂ ಇಲ್ಲ. ‘ಅದ್ಸರಿ, ಈ ಹುಡುಗಿ ಯಾಕಮ್ಮ ಅಳ್ತಿದಾಳೆ?’ ಅಂದರು. ನನ್ನ ಜೋಕಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಇವತ್ತು ಅಡುಗೆ ಬಿಟ್ಟು ಕೂತು ಅದೇ ಗುಳ್ಳೆ ಅಳಿಸಿ ಬರೆದೆ: ‘ನಾನು ಈರುಳ್ಳಿ ಹೆಚ್ಚೋ ಹೊತ್ತಿಗೇ ಇವನು ಬಿಟ್ಟು ಹೋಗಬೇಕಿತ್ತಾ? ಈಗ ತನಗೋಸ್ಕರ ಅಳ್ತಿದೀನಿ ಅಂದ್ಕೊಂಡೇ ಹೋಗ್ತಾನೆ!’

ಗ್ರೂಪಿಗೆ ಹಾಕಿದೆ. ಒಂದೂ ನಗುಮುಖ ಇಲ್ಲ. ‘ಇದರಲ್ಲಿ ಜೋಕ್ ಎಲ್ಲಿದೆ?’ ಅಂತ ಚಿಕ್ಕಪ್ಪ.

ಮಧ್ಯಾಹ್ನ ಚಿಕ್ಕಮ್ಮನಿಂದ ಬೇರೆಯಾಗಿ ಒಂದು ಮೆಸೇಜು: ‘ಆ ಈರುಳ್ಳಿದು ಇನ್ನೊಂದ್ಸಲ ಕಳ್ಸೇ, ಭಜನಾ ಮಂಡಳಿ ಗ್ರೂಪಿಗೆ ಹಾಕ್ಬೇಕು.’