ಗಿಟ್‌ಹಬ್ ಡೇಟಾ ತರೋಕೆ ಜಿಎಚ್ ಬೇಕಾ, ಕರ್ಲ್ ಸಾಲ್ದಾ?

(ಗಿಟ್‌ಹಬ್ ಅಂದ್ರೆ ಕೋಡ್ ಇಡೋ ಸೈಟು. ಜಿಎಚ್ ಅದರದ್ದೇ ಕಮಾಂಡ್ ಲೈನ್ ಟೂಲು, ಕರ್ಲ್ ಯಾವ ವೆಬ್ ಅಡ್ರೆಸ್ಸಿಂದಾದ್ರೂ ಡೇಟಾ ತರೋ ಕಮಾಂಡ್ ಲೈನ್ ಟೂಲು.)

ಪರ: ಜಿಎಚ್ ಹಾಕ್ಕೊಳ್ಳಿ, ಸುಮ್ನೆ ಒದ್ದಾಡ್ಬೇಡಿ

ಕರ್ಲ್ ಮೇಲೆ ನಂಗೇನೂ ಸಿಟ್ಟಿಲ್ಲ, ಆದ್ರೆ ಟೋಕನ್ (ಪಾಸ್‌ವರ್ಡ್ ಥರದ ಗುಟ್ಟಿನ ಕೀ) ಕೇಳೋ ಎಪಿಐ (ಪ್ರೋಗ್ರಾಮ್‌ಗಳು ಡೇಟಾ ಕೇಳೋ ದಾರಿ) ಅಂದ್ರೆ ಕಥೆನೇ ಬೇರೆ. ನಮ್ ಟೀಮಿನ ರೆಪೋದಲ್ಲಿ (ಒಂದು ಪ್ರಾಜೆಕ್ಟಿನ ಕೋಡ್ ಇಡೋ ಜಾಗ) ಎಷ್ಟು ಇಶ್ಯೂ (ಬರೆದಿಟ್ಟ ದೂರು, ಕೆಲಸ) ಬಾಕಿ ಇದೆ ಎಣಿಸು ಅಂದಿದ್ರು, ಕರ್ಲ್‌ನಲ್ಲಿ ತಂದು ನೋಡಿದ್ರೆ ಬರೀ 30, ಖುಷಿಯಾಗಿ ಮ್ಯಾನೇಜರ್‌ಗೂ ಹೇಳ್ಬಿಟ್ಟೆ. ಆಮೇಲೆ ಡಾಕ್ಯುಮೆಂಟೇಷನ್ ಓದಿದ್ರೆ ಒಂದು ಪೇಜಿಗೆ ಕೊಡೋದೇ 30 ಅಂತೆ, ಕೇಳ್ಕೊಂಡ್ರೂ 100 ದಾಟಲ್ಲ, ಮುಂದಿನ ಪೇಜಿನ ಅಡ್ರೆಸ್ಸು ಲಿಂಕ್ ಅನ್ನೋ ಹೆಡರ್‌ನಲ್ಲಿ (ರಿಕ್ವೆಸ್ಟು, ಉತ್ತರದ ಜೊತೆ ಹೋಗಿಬರೋ ಮಾಹಿತಿ ಸಾಲು) ಬರತ್ತೆ. ಓದದೇ ಹೋಗಿದ್ದು ನನ್ನ ತಪ್ಪೇ ಬಿಡಿ. (ಆ 30ರಲ್ಲಿ ಪುಲ್ ರಿಕ್ವೆಸ್ಟ್‌ಗಳೂ, ಅಂದ್ರೆ ಕೋಡ್ ಬದಲಾವಣೆ ಸೇರಿಸ್ಕೊಳ್ಳಿ ಅನ್ನೋ ಕೋರಿಕೆಗಳೂ ಸೇರ್ಕೊಂಡಿದ್ವು, ಅದು ಇನ್ನೊಂದು ಗೋಳು.) ಜಿಎಚ್‌ಗೆ ಪ್ಯಾಜಿನೇಟ್ ಅಂತ ಒಂದು ಆಪ್ಷನ್ ಕೊಟ್ರೆ ಕೊನೇ ಪೇಜಿನವರೆಗೂ ಅದೇ ಹೋಗಿ ತರತ್ತೆ.

ಇನ್ನು ಟೋಕನ್. ಕರ್ಲ್ ಜೊತೆ ಟೋಕನ್ ಇರೋ ಆಥರೈಸೇಷನ್ ಹೆಡರ್ ಟೈಪ್ ಮಾಡಿದ್ರೆ ಅದು ಶೆಲ್ ಹಿಸ್ಟರಿಲಿ (ಹಿಂದೆ ಟೈಪ್ ಮಾಡಿದ ಕಮಾಂಡ್‌ಗಳ ಪಟ್ಟಿ) ಕೂತಿರತ್ತೆ. ನಮ್ ಹುಡ್ಗ ಒಬ್ಬ ಸ್ಕ್ರೀನ್ ಶೇರ್ ಮಾಡ್ತಾ ಹಿಂದಿನ ಕಮಾಂಡ್ ತರೋ ಅಪ್ ಆರೋ ಒತ್ತಿದ, ಇಡೀ ಟೋಕನ್ ಮೀಟಿಂಗಲ್ಲಿದ್ದ ಹನ್ನೆರಡು ಜನಕ್ಕೂ ದರ್ಶನ ಆಯ್ತು. ಜಿಎಚ್‌ನಲ್ಲಿ ಬ್ರೌಸರ್ ತೆರೆದು ಲಾಗಿನ್ ಆದ್ರೆ ಮುಗೀತು, ಟೋಕನ್ ಸೀದಾ ಸಿಸ್ಟಮ್‌ನ ಕೀರಿಂಗ್‌ಗೆ (ಪಾಸ್‌ವರ್ಡ್ ಭದ್ರವಾಗಿಡೋ ಜಾಗ) ಹೋಗತ್ತೆ, ಕಣ್ಣಿಗೂ ಬೀಳಲ್ಲ.

ವಿರೋಧ: ಕರ್ಲ್ ಸಾಕು ಗುರೂ

ಸರಿ, ನಾಳೆ ಗಿಟ್‌ಹಬ್ ಥರದ್ದೇ ಗಿಟ್‌ಲ್ಯಾಬ್ ಬಂದ್ರೆ? ಅದಕ್ಕೆ ಗ್ಲ್ಯಾಬ್ ಅನ್ನೋ ಬೇರೆ ಟೂಲು. ನಾಡಿದ್ದು ಆಫೀಸಿನ ಒಳಗಿನ ಎಪಿಐ ಬಂದ್ರೆ? ಅದಕ್ಕೆ ಯಾವ ಟೂಲೂ ಇಲ್ಲ, ಕೊನೆಗೆ ಕರ್ಲ್ ಕಾಲಿಗೇ ಬೀಳ್ಬೇಕು. ಸ್ವೀಡನ್‌ನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಕರ್ಲ್ ಅನ್ನೋ ಹೆಸ್ರಲ್ಲಿ ಬಿಟ್ಟಿದ್ದು, ಇವತ್ತಿಗೂ ಅವ್ರೇ ನೋಡ್ಕೋತಿದಾರೆ. ಮ್ಯಾಕ್‌ನಲ್ಲಿ ಇದ್ದೇ ಇರತ್ತೆ, ವಿಂಡೋಸ್ 10ರಲ್ಲೂ 2018ರಿಂದ ಇದೆ. ಜಿಎಚ್ 1.0 ಬಂದಿದ್ದು 2020ರಲ್ಲಿ. ಕ್ಲೈಂಟ್ ಕಂಪನಿಯ ಸರ್ವರ್‌ನಲ್ಲಿ ಏನೂ ಇನ್‌ಸ್ಟಾಲ್ ಮಾಡಂಗಿಲ್ಲ ಅಂದಾಗ ಗೊತ್ತಾಗತ್ತೆ ಯಾವ್ದು ಕೈ ಹಿಡಿಯತ್ತೆ ಅಂತ.

ಟೋಕನ್ ಕಾಣೋದು ಟೈಪ್ ಮಾಡ್ದವ್ನ ತಪ್ಪು. ಹೆಡರ್ ಸಾಲನ್ನ ಒಂದು ಫೈಲಲ್ಲಿ ಬರ್ದು, ಪರ್ಮಿಷನ್ 600 ಮಾಡಿ (ನಿಮ್ಮ ಯೂಸರ್ ಬಿಟ್ಟು ಬೇರೆಯವ್ರು ಓದೋಕಾಗ್ದಂಗೆ), ಹೆಡರ್ ಜಾಗದಲ್ಲಿ ಅಟ್ ಚಿಹ್ನೆ (@) ಜೊತೆ ಫೈಲ್ ಹೆಸ್ರು ಕೊಡಿ, ಹಿಸ್ಟರಿಲಿ ಏನೂ ಉಳಿಯಲ್ಲ. ಆ ಕೀರಿಂಗ್ ಇಲ್ದಿರೋ ಸರ್ವರ್‌ನಲ್ಲಿ ಜಿಎಚ್ ಕೂಡ ಟೋಕನ್‌ನ ಸಾದಾ ಫೈಲಲ್ಲೇ ಬರೆಯತ್ತೆ, ಇದನ್ನ ಯಾರೂ ಹೇಳಲ್ಲ! ಪೇಜಿನೇಷನ್‌ಗೆ, ಅಂದ್ರೆ ಎಲ್ಲಾ ಪೇಜು ಒಂದೊಂದಾಗಿ ತರೋಕೆ ಆರೇಳು ಸಾಲಿನ ಲೂಪು, ಒಂದ್ಸಲ ಬರೆದ್ರೆ ಆಯ್ತು. ಅದಕ್ಕಿಂತ ಹೆಡರ್‌ಗಳು ಕಣ್ಮುಂದೆ ಇರೋದು ಮುಖ್ಯ, ಗಿಟ್‌ಹಬ್ ಬಿಡೋದು ಟೋಕನ್ ಇಲ್ದೆ ಗಂಟೆಗೆ 60 ರಿಕ್ವೆಸ್ಟು, ಇದ್ರೆ 5000, ಎಷ್ಟು ಉಳಿದಿದೆ ಅಂತ ಪ್ರತಿ ಉತ್ತರದ ಹೆಡರ್‌ಗಳಲ್ಲೂ ಬರತ್ತೆ.

ಒಂದು ಮಾತ್ರ ಒಪ್ಕೋತೀನಿ. ಸರ್ವರ್ 401 (ನಿಮ್ಮ ಗುರುತು ಒಪ್ಪಲ್ಲ) ಅಂದ್ರೂ ಕರ್ಲ್ ಪ್ರಕಾರ ಉತ್ತರ ಬಂತಲ್ಲ, ಎಕ್ಸಿಟ್ ಕೋಡ್ ಸೊನ್ನೆ, ಅಂದ್ರೆ ಎಲ್ಲಾ ಸರಿಯಾಯ್ತು ಅಂತ. ನನ್ನ ಟೋಕನ್ ಎಕ್ಸ್‌ಪೈರ್ ಆಗಿ ಒಂದು ವಾರ ಕ್ರಾನ್ ಜಾಬು (ಹೊತ್ತಿಗೆ ಸರಿಯಾಗಿ ತಾನೇ ಓಡೋ ಕೆಲಸ) ದಿನಾ ರಾತ್ರಿ ಬ್ಯಾಡ್ ಕ್ರೆಡೆನ್ಷಿಯಲ್ಸ್ ಅನ್ನೋ ಮೆಸೇಜನ್ನೇ ಅಚ್ಚುಕಟ್ಟಾಗಿ ಬ್ಯಾಕಪ್ ಮಾಡಿ ಇಟ್ಟಿತ್ತು. ಅವತ್ತಿಂದ ಫೇಲ್ ಆಪ್ಷನ್ ಇಲ್ದೆ ಕರ್ಲ್ ಬರೆದಿಲ್ಲ, ಈಗ 401 ಬಂದ್ರೆ 22 ಅನ್ನೋ ಎರರ್ ಕೋಡ್ ಕೊಟ್ಟು ಎಕ್ಸಿಟ್ ಆಗತ್ತೆ, ನಂಗೆ ಮೇಲ್ ಬರತ್ತೆ.